ಮೊಮ್ಮಗಳು ನಕ್ಕಿದ್ದು ಯಾಕೆ?

ಕಟಿಂಗ್ ಶಾಪಿನ ತಾತನಿಗೆ ಒಂದು ಜಂಬವಿತ್ತು. ಕುರ್ಚಿಯಲ್ಲಿ ಕೂತವನ ಮುಖವನ್ನು ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಸಾಕು, ಮನೆಯಲ್ಲಿ ಜಗಳ ಆಡಿ ಬಂದಿದ್ದಾನೋ, ಹೊಸ ಕೆಲಸ ಸಿಕ್ಕಿದೆಯೋ ಹೇಳಿಬಿಡುತ್ತಿದ್ದ. ಗಿರಾಕಿ ಬೆರಗಾಗಿ ತಲೆಯಾಡಿಸಿದರೆ, "ಅಲ್ಲಾಡಬೇಡಪ್ಪ, ಕಿವಿ ಹೋದೀತು!" ಎಂದು ಗದರುತ್ತಿದ್ದ.

ಅಂಥವನಿಗೂ ಓದಲಾಗದ ಮುಖ ಒಂದೇ, ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿಯದು. ಮಗುವಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದರು. ಮಗಳು ಕೆಲಸಕ್ಕೆ ಹೋದಾಗ ಪುಟ್ಟಿ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದಳು. ತಾತನ ಜೀವವೆಲ್ಲ ಅವಳ ಮೇಲೆ.

ಒಂದು ದಿನ ಬ್ಲೇಡ್ ಬದಲಿಸುವಾಗ ತಾತನ ಬೆರಳು ಕುಯ್ದುಹೋಯಿತು. "ಅಯ್ಯಮ್ಮಾ!" ಎಂದು ತಾತ ಕೂಗಿದ. ಪುಟ್ಟಿ ಕಿಲಕಿಲ ನಕ್ಕಳು.

ಪಕ್ಕದ ಮಕ್ಕಳ ಕ್ಲಿನಿಕ್ಕಿನ ನರ್ಸಮ್ಮ ಹತ್ತಿ, ಬ್ಯಾಂಡೇಜು ಹಿಡಿದು ಓಡಿಬಂದಳು.

"ಗಾಯ ಬಿಡಮ್ಮ, ಮಾಯುತ್ತೆ. ನಾನು ನೋವಲ್ಲಿ ಕೂಗಿದ್ರೆ ಇವಳು ನಗ್ತಾಳೆ! ಎತ್ತಿ ಆಡಿಸಿದ ಕೈ ಇದು. ಕರುಳೇ ಇಲ್ಲ ಇವಳಿಗೆ. ನಾಳೆಯಿಂದ ಅಂಗಡಿಗೆ ಕಳಿಸಬೇಡ ಅಂತೀನಿ ಮಗಳಿಗೆ" ಎಂದ ತಾತ.

"ತಾತ, ಮುಖ ಬಿಡಿ. ಅವಳ ಕೈ ನೋಡಿ" ಎಂದಳು ನರ್ಸಮ್ಮ.

ಪುಟ್ಟಿ ಅಂಗಿಯ ತುದಿಯನ್ನು ಹಿಂಡುತ್ತಿದ್ದಳು. ಕಾಲ್ಬೆರಳು ಮುದುರಿದ್ದವು. ಪುಟ್ಟ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಅದು ಖುಷಿಯ ನಗು ಅಲ್ಲ, ಗಾಬರಿ. ಆಟಿಸಂ ಇರೋ ಕೆಲವು ಮಕ್ಕಳಿಗೆ ಹೀಗಾಗುತ್ತೆ. ಪ್ರೀತಿ, ಭಯ, ದುಃಖ ಎಲ್ಲ ಒಳಗಿದೆ. ಗುರುತಿಸೋದು, ತೋರಿಸೋದು ಕಷ್ಟ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ನಿಮ್ಮ ಸಮಾಧಾನಕ್ಕೆ ನನಗೇನು ಸಂಬಳ ಕೊಡ್ತೀರಾ?" ಎಂದು ನರ್ಸಮ್ಮ ನಕ್ಕಳು. "ಮಾತು ಕಲಿಸಿದ ಹಾಗೇ ಭಾವನೆಗೂ ಹೆಸರು ಕಲಿಸಬೇಕು. ಭಯ ಆದಾಗಲೇ 'ನಿನಗೆ ಭಯ ಆಗಿದೆ' ಅನ್ನಿ. ಚಿಕ್ಕ ಮಾತು, ಮೆಲುದನಿ. ಗದ್ದ ಹಿಡಿದು 'ನನ್ನ ನೋಡು' ಅಂತ ಬಲವಂತ ಬೇಡ. ಆಮೇಲೆ ಕಾಯಿರಿ."

ತಾತ ಮುಖ ಗಂಟಿಕ್ಕಿಕೊಂಡೇ ಬೆಂಚಿನ ಪಕ್ಕ ಕುಕ್ಕರಿಸಿದ. "ತಾತಂಗೆ ನೋವಾಯ್ತು. ಪುಟ್ಟಿಗೆ ಭಯ ಆಯ್ತು." ಪುಟ್ಟಿ ಅವನ ಕಡೆ ನೋಡಲಿಲ್ಲ. ಆದರೆ ಅಂಗಿ ಹಿಂಡುವುದು ನಿಧಾನವಾಯಿತು.

ತಾತ ಹಟಮಾರಿ. ಅಂದಿನಿಂದ ಹೇಳಿದ್ದನ್ನೇ ಹೇಳಿದ. ಗಿರಾಕಿಗಳಿಗೂ ಅಭ್ಯಾಸವಾಗಿ, ಎದ್ದು ಹೋಗುವಾಗ ಅವರೂ ಹೇಳುತ್ತಿದ್ದರು, "ಪುಟ್ಟಿ, ಮಾಮಂಗೆ ಖುಷಿ ಆಯ್ತು, ತಾತ ಚೆನ್ನಾಗಿ ಕತ್ತರಿಸಿದ್ರು!" ಮಗಳು ತಪ್ಪದೆ ಮಗುವನ್ನು ಕ್ಲಿನಿಕ್ಕಿನ ತರಬೇತಿಗೆ ಕರೆದೊಯ್ದಳು. ತಿಂಗಳುಗಳೇ ಹಿಡಿದವು.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಲಾರಿಯ ಟೈರು ಢಮ್ಮೆಂದು ಸಿಡಿಯಿತು. ಪುಟ್ಟಿ ನಕ್ಕಳು. ಹೊಸ ಗಿರಾಕಿಯೊಬ್ಬ, "ಪಾಪ, ಏನೂ ತಿಳಿಯಲ್ಲ ಇದಕ್ಕೆ" ಎಂದ. ಅಷ್ಟರಲ್ಲಿ ಪುಟ್ಟಿ ಬೆಂಚಿನಿಂದ ಇಳಿದು ಬಂದು, ತಾತನ ಕೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡಳು.

"ಪುಟ್ಟಿಗೆ ಭಯ."

ತಾತ ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಕಣ್ಣೀರು ದಳದಳ ಸುರಿಯಿತು. "ಹೂಂ ನನ್ನ ತಾಯಿ, ತಾತಂಗೂ ಭಯ ಆಯ್ತು. ತಾತ ಇಲ್ಲೇ ಇದೀನಿ." ಪುಟ್ಟಿ ಅವನ ಮಡಿಲಿಗೆ ಬೆನ್ನು ಕೊಟ್ಟು ಕೂತಳು.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಕರುಳಿಲ್ಲ, ಸೊಕ್ಕು ಎಂದು ಹಣೆಪಟ್ಟಿ ಕಟ್ಟಬೇಡಿ. ಬೈಯುವ ಮೊದಲು ಅದರ ಕೈಕಾಲು ನೋಡಿ, ಉಸಿರು ನೋಡಿ. ಅನುಮಾನವಿದ್ದರೆ ಮಕ್ಕಳ ಡಾಕ್ಟರನ್ನು ಬೇಗ ಕಾಣಿ. ಮಗುವಿನ ಭಾವನೆಗೆ ಇವತ್ತೇ ಒಂದು ಹೆಸರು ಹೇಳಿಕೊಡಿ. ಅದನ್ನು ಹಿಡಿದುಕೊಂಡು ಮಗು ನಿಮ್ಮ ಹತ್ತಿರ ಬಂದೇ ಬರುತ್ತದೆ.