ನೆಟ್ಟಗೆ ಹೋದ ದೋಣಿ

"ಅದನ್ನ ಮುಟ್ಟಬೇಡಿ ದೊಡ್ಡಪ್ಪ!" ತನುಜ ದೋಣಿಯ ಇನ್ನೊಂದು ತುದಿ ಹಿಡಿದು ಎಳೆದಳು.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರ ಕೈ ನಿಂತಿತು. ನಲ್ಲಪ್ಪ ಆ ಮರದ ಪುಟ್ಟ ದೋಣಿಯನ್ನು ಸತ್ತ ತಮ್ಮನ ಎದೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಲು ಹೊರಟಿದ್ದ.

"ಅವ್ನಿಗೆ ಪ್ರಾಣ ಕಣಮ್ಮ ಇದು. ನಮ್ಮನೆ ಸೈಂಟಿಸ್ಟು ಅವ್ನು. ನಾಕು ಜನ ನೋಡ್ಲಿ."

"ನಾಕು ಜನಕ್ಕೆ ಆಗ್ಲೇ ತೋರಿಸಿದ್ದೀರಲ್ಲ!"

"ಸುಮ್ನಿರೇ, ಹೆಣ ಇನ್ನೂ ಮನೆ ಮುಂದೈತೆ" ಎಂದಳು ಗೋಡೆಗೊರಗಿದ್ದ ತಾಯಿ ಅಮ್ಮಾಜಮ್ಮ.

"ಅಪ್ಪನೂ ಸುಮ್ನಿದ್ದೇ ಹೋದ್ನಲ್ಲಮ್ಮ." ತನುಜ ದೋಣಿಯನ್ನು ಕಸಿದುಕೊಂಡು ಒಳಗೆ ಹೋದಳು.

* * *

ತನುಜಳ ಅಪ್ಪ ಮುನಿಗಂಗಪ್ಪ ಜಂಗಮಕೋಟೆ ಕಡೆ ಹಾಲಿನ ವ್ಯಾನು ಓಡಿಸುತ್ತಿದ್ದ. ಬಿಡುವಾದರೆ ತಾನೇ ಮಾಡಿದ ಆ ದೋಣಿ. ಅದಕ್ಕೆ ಎರಡು ಮೋಟರು. ಬಲಗಡೆಯದು ಜೋರು, ಎಡಗಡೆಯದು ಮಂದ. ನೀರಿಗೆ ಬಿಟ್ಟರೆ ಎಡಕ್ಕೇ ಗಿರಗಿರನೆ ಸುತ್ತುತ್ತಿತ್ತು. ಒಂದು ಭಾನುವಾರ ಕೆರೆಯಲ್ಲಿ ಅದು ಹಾಗೆ ಸುತ್ತುವಾಗ ನಲ್ಲಪ್ಪ ವಿಡಿಯೊ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ: "ನನ್ ತಮ್ಮನ ತಲೆನೂ ಹಿಂಗೇ ತಿರುಗ್ತೈತೆ." ಆಮೇಲೆ ಡೇರಿಯಲ್ಲಿ, ಟೀ ಅಂಗಡಿಯಲ್ಲಿ ಅವನನ್ನು ಕಂಡವರೆಲ್ಲ ಗಾಳಿಯಲ್ಲಿ ಬೆರಳು ತಿರುಗಿಸುವವರೇ. ಅವನೂ ನಗುತ್ತಿದ್ದ. ಆದರೆ ಕೆರೆಯ ಕಡೆ ಮತ್ತೆ ಕಾಲಿಡಲಿಲ್ಲ.

ದೋಣಿಯನ್ನು ಮಾತ್ರ ಬಿಡಲಿಲ್ಲ. ಬಲಗಡೆಯದರ ವೇಗ ತಗ್ಗಿಸಿ ನೋಡಿದ, ಸರಿಹೋಗಲಿಲ್ಲ. ಕೊನೆಗೆ ಮೋಟರುಗಳನ್ನು ಅದಲು ಬದಲು ಮಾಡಿ ನೋಡಿದ. ಆಗಲೂ ಎಡಗಡೆಯದೇ ಮಂದ.

"ತಪ್ಪು ಮೋಟರಿಂದಲ್ಲ ಕಣಮ್ಮ. ರೆಕ್ಕೆ ತಿರುಗಿಸೋ ಕಂಬಿ ಸೊಟ್ಟಗೈತೆ, ಒಳಗೆ ಉಜ್ತೈತೆ. ನಾನು ಬಲಗಡೇದರ ಕತ್ತು ಹಿಸುಕ್ತಾ ಕೂತಿದ್ನಲ್ಲ!" ಎಂದ ಮಗಳಿಗೆ.

ಹೊಸ ಕಂಬಿ ಹಾಕಿ ಗ್ರೀಸು ಸವರಿದ. ಹಿತ್ತಲ ತೊಟ್ಟಿಯಲ್ಲಿ ದೋಣಿ ಗೆರೆ ಎಳೆದಂತೆ ಹೋಗಿ ಎದುರು ಗೋಡೆಗೆ ಬಡಿಯಿತು.

"ನಡಿಯಪ್ಪ, ಕೆರೆಗೆ ಹೋಗಣ!" ತನುಜ ಕುಣಿದಳು.

ಅವನು ದೋಣಿಯನ್ನೆತ್ತಿ ಪಂಚೆಯಲ್ಲಿ ಒರೆಸಿದ. "ಬೇಡಮ್ಮ. ಜನ ಇರ್ತಾರೆ."

ಅದೇ ವಾರ ನಿಂತ ವ್ಯಾನಿನೊಳಗೆ, ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

* * *

ಹೊಲದ ಬದುವಿನಲ್ಲಿ ಗುಂಡಿಗೆ ಇಳಿಸಿದ್ದಾಯಿತು. ಮೊದಲ ಹಿಡಿ ಮಣ್ಣು ಅಣ್ಣನದು ಎಂದರು. ನಲ್ಲಪ್ಪ ಮುಂದೆ ಬಂದವನು ಮೊಬೈಲನ್ನು ತನ್ನ ಮುಖಕ್ಕೇ ಹಿಡಿದು ಗದ್ಗದಿತನಾದ. "ನನ್ ತಮ್ಮ ಎಂಥಾ ತಲೆ ಇದ್ದೋನು ಅಂದ್ರೆ..."

"ಅದೇ ಗ್ರೂಪಿಗಾ ದೊಡ್ಡಪ್ಪ?"

"ಏನಮ್ಮ?"

"ಹಳೇ ವಿಡಿಯೊನೂ ಜೊತೇಲೇ ಹಾಕಿ. ಜನ ಎರಡೂ ನೋಡ್ಲಿ."

ಅವನು ಬಾಯಿ ತೆರೆಯುವಷ್ಟರಲ್ಲಿ ತನುಜ ಬಗ್ಗಿ ಹಸಿಮಣ್ಣು ಬಾಚಿ ಮೊಬೈಲಿನ ಮುಖಕ್ಕೆ ಮೆತ್ತಿದಳು. ಮಗಳಿಗೆ ಸುಮ್ಮನಿರೆಂದು ಅಮ್ಮಾಜಮ್ಮ ಈ ಸಲ ಹೇಳಲಿಲ್ಲ. ಸೆರಗು ಬಿಗಿದುಕೊಂಡು ಮುಂದೆ ಬಂದು, ಮೊದಲ ಹಿಡಿ ಮಣ್ಣು ತಾನೇ ಹಾಕಿದಳು.

ಹಿಂದೆಯೇ ಊರಿನವರು ಒಬ್ಬೊಬ್ಬರಾಗಿ ಬಗ್ಗಿದರು. ಗುಂಡಿ ಅರ್ಧ ತುಂಬಿದರೂ ನಲ್ಲಪ್ಪ ಪಕ್ಕದಲ್ಲಿ ನಿಂತು, ಹೆಗಲ ಮೇಲಿನ ಟವೆಲ್ಲಿನಿಂದ ಮೊಬೈಲು ಒರೆಸುತ್ತಲೇ ಇದ್ದ.