ಯಾರಿಗಾದರೂ ಹೊಳೆಯುತ್ತಿತ್ತು

ನಾನು ಒಂದು ಊರುಗೋಲು. ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಕೊಡೆ ರಿಪೇರಿಯ ಮಂಜಯ್ಯ ಆಚಾರಿಯವರ ಅಂಗಡಿ ಜಗಲಿಯಲ್ಲಿ. ಈಗ ಇರುವುದು ದೂರದ ಊರಿನ ಪೇಟೆಂಟ್ ಕಚೇರಿಯ ಗಾಜಿನ ಬೀರುವಿನಲ್ಲಿ, ಕುತ್ತಿಗೆಗೆ ಅರಗಿನ ಮುದ್ರೆ ಹಾಕಿಸಿಕೊಂಡು. ನಡೆಯಲೆಂದೇ ಹುಟ್ಟಿದವನನ್ನು ನಿಲ್ಲಿಸಿ ಬೀಗ ಜಡಿದರೆ ಹೇಗಿರುತ್ತದೆ, ನೀವೇ ಹೇಳಿ!

ನನ್ನನ್ನು ಮಾಡಿದ್ದು ಮೀನು ಮಾರುವ ಬೇಬಿ ಖಾರ್ವಿಗಾಗಿ. ಲಾರಿ ಬಡಿದು ಅವಳ ಒಂದು ಕಾಲು ಹೋಗಿತ್ತು. ಬೇರೆ ಊರುಗೋಲುಗಳು ಕಡಲ ಮರಳಲ್ಲಿ ಹೂತುಹೋಗುತ್ತಿದ್ದವು. ದೋಣಿಯ ತನಕ ಹೋಗಲಾಗದೆ ರಸ್ತೆಬದಿಯಲ್ಲಿ ಕೂತು, ಬೇರೆಯವರು ಆರಿಸಿ ಬಿಟ್ಟ ಮೀನು ಕೊಳ್ಳುತ್ತಿದ್ದಳು. ಆಚಾರಿಯವರು ಕೋಲಿನ ತುದಿಗೆ ಕೊಡೆಯ ಕಡ್ಡಿಗಳನ್ನು ಸ್ಪ್ರಿಂಗ್ ಸಮೇತ ಪಾದದ ಹಾಗೆ ಕೂರಿಸಿದರು. ಮೊದಲ ದಿನ ನನ್ನ ಪಾದ ಅರಳಿದ್ದು ಮುಚ್ಚಲೇ ಇಲ್ಲ. ಒದ್ದೆ ಮರಳು ತುಂಬಿ, ಎತ್ತಲಾಗದೆ ಬೇಬಿ ಮುಗ್ಗರಿಸಿ ಬಿದ್ದಳು. ನಾಚಿಕೆಯಿಂದ ಸತ್ತೇಹೋದೆ. ಆಚಾರಿಯವರು ಮಳೆಗಾಲವಿಡೀ ತಲೆ ಕೆಡಿಸಿಕೊಂಡರು. ಕೊನೆಗೆ ಸ್ಪ್ರಿಂಗ್ ಕಿತ್ತೆಸೆದು ಕಡ್ಡಿಗಳನ್ನು ತಿರುವುಮುರುವಾಗಿ ಜೋಡಿಸಿದರು. ಭಾರ ಬಿದ್ದರೆ ಪಾದ ಅರಳಿತು. ಎತ್ತಿದರೆ ತಾನಾಗಿ ಮುದುಡಿ ಮರಳು ಕೊಡವಿತು. ಮಾರನೆಯ ಬೆಳಿಗ್ಗೆ ಬೇಬಿ ದೋಣಿಯ ಬುಡಕ್ಕೇ ಹೋಗಿ ಬಂಗುಡೆಗೆ ಚೌಕಾಸಿ ಮಾಡಿದಳು. ಆ ಖುಷಿ ಈ ಗಾಜಿನೊಳಗೂ ನೆನಪಿದೆ.

ಆಚಾರಿಯವರು ಪೇಟೆಂಟಿಗೆ ಅರ್ಜಿ ಹಾಕಿದರು. ಸಿಕ್ಕರೆ ಅವರನ್ನು ಕೇಳದೆ ಯಾರೂ ನನ್ನಂಥದ್ದನ್ನು ಮಾಡುವಂತಿಲ್ಲ. ಆಗಲೇ ನಕಲು ಮಾರುತ್ತಿದ್ದ ಕಂಪನಿಯೊಂದು ಅಡ್ಡ ಬಂತು. ನನ್ನನ್ನು ಸಾಕ್ಷಿಗೆಂದು ಇಲ್ಲಿಗೆ ತಂದರು.

"ಊರುಗೋಲು ಹಳೇದು, ಕೊಡೆ ಹಳೇದು. ಎರಡನ್ನೂ ಸೇರಿಸೋದು ಈ ಕಸುಬಿನ ಯಾರಿಗಾದ್ರೂ ಹೊಳೆಯುತ್ತೆ. ಅಂಥದ್ದಕ್ಕೆ ಕಾನೂನಲ್ಲಿ ಪೇಟೆಂಟ್ ಇಲ್ಲ" ಎಂದ ಕಂಪನಿ ವಕೀಲ.

"ಸುಮ್ಮನೆ ಸೇರಿಸಿದ್ರೆ ನಡೆಯೋದಿಲ್ಲ ಸರ್. ಕಡ್ಡಿ ತಿರುಗಿಸಬೇಕು ಅಂತ ಹೊಳೀಬೇಕಲ್ಲ!" ಎಂದರು ನಮ್ಮ ವಕೀಲೆ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ನನ್ನನ್ನು ಊರಿ ನೋಡಿದರು. ಪಾದ ಅರಳಿತು. ಅವರ ಮುಖವೂ ಅರಳಿತು. ಇನ್ನೇನು, ಮನೆಗೆ ಹೊರಟೆ ಅಂದುಕೊಂಡೆ. ಅವರು ಅಕ್ಕರೆಯಿಂದಲೇ ಆಚಾರಿಯವರನ್ನು ಕೇಳಿದರು: "ಇದನ್ನ ಕಂಡುಹಿಡಿಯೋದು ಬಹಳ ಕಷ್ಟ ಆಯ್ತೇನ್ರೀ?"

ನಮ್ಮ ಕಡೆ ಯಾರಾದರೂ ಮೆಚ್ಚಿದರೆ ತಲೆ ತಗ್ಗಿಸಿ ಅಲ್ಲಗಳೆಯುವುದೇ ಮರ್ಯಾದೆ. ಆಚಾರಿಯವರು ಕೈಮುಗಿದರು. "ಅಯ್ಯೋ, ಎಂತ ಕಷ್ಟ ಮಾರಾಯ್ರೆ! ಕೊಡೆ ಇತ್ತು, ಕೋಲು ಇತ್ತು, ಸೇರ್ಸ್ದೆ. ಯಾರ್ ಬೇಕಾರೂ ಮಾಡ್ಲಕ್ಕು."

ಆ ಮಾತನ್ನು ಹಾಗೆಯೇ ಬರೆದುಕೊಂಡರು. ಮಳೆಗಾಲದ ಪಾಡು ಹೇಳಿ ಆಚಾರ್ರೇ, ಬೇಬಿ ಬಿದ್ದದ್ದು ಹೇಳಿ ಎಂದು ಕೂಗಬೇಕೆನಿಸಿತು. ಕೋಲಿಗೆ ಬಾಯೆಲ್ಲಿದೆ?

ವಿಚಾರಣೆ ಮುಗಿದ ಮೇಲೆ ಬಾಗಿಲಾಚೆ, ಜೊತೆಗೆ ಬಂದಿದ್ದ ಬೇಬಿಯ ದನಿ ಕೇಳಿಸಿತು. "ಹಂಗೆಂತಕ್ ಹೇಳಿದ್ರಿ ಆಚಾರ್ರೇ?"

"ಅಷ್ಟ್ ದೊಡ್ಡೋರ ಎದ್ರಿಗೆ ಜಂಬ ಕೊಚ್ಚುಕಾತ್ತಾ ಬೇಬಿ?"

ಅರ್ಜಿ ಬಿದ್ದುಹೋಯಿತು. ನಮ್ಮ ವಕೀಲೆ ಮೇಲ್ಮನವಿ ಹಾಕಿದ್ದಾರೆ. ಅದು ಮುಗಿಯುವ ತನಕ ನನ್ನನ್ನು ಅಲುಗಾಡಿಸುವಂತಿಲ್ಲವಂತೆ. ಬೇಬಿಗೆ ಆಚಾರಿಯವರು ಇನ್ನೊಂದನ್ನು ಮಾಡಿಕೊಟ್ಟಿರಬೇಕು. ಅಂಗಡಿಗಳಲ್ಲಿ ಮಾತ್ರ ಕಂಪನಿಯ ಹೆಸರಿನದೇ ಇದೆಯಂತೆ.

ವರ್ಷಗಳು ಹೋದವು. ಕಡ್ಡಿಗಳಿಗೆ ತುಕ್ಕು ಹಿಡಿದಿದೆ. ಹಾದುಹೋಗುವವರು ಇಣುಕಿ, "ಇಷ್ಟೇನಾ? ಇದು ನಂಗೂ ಹೊಳೀತಿತ್ತು" ಅನ್ನುತ್ತಾರೆ. ಬೇಬಿ ರಸ್ತೆಬದಿಯಲ್ಲಿ ಕೂತಿದ್ದಾಗ ಯಾರಿಗೂ ಹೊಳೆದಿರಲಿಲ್ಲವಲ್ಲ! ನನ್ನ ಸಂದಿಯಲ್ಲಿ ಗಂಗೊಳ್ಳಿಯ ಮರಳು ಇನ್ನೂ ಚೂರು ಉಳಿದಿದೆ. ಕೊಡವಿಕೊಳ್ಳೋಣವೆಂದರೆ ಪಾದ ಅರಳಿ ಮುದುಡಬೇಕು. ಪಾದ ಅರಳಲು ಯಾರಾದರೂ ಭಾರ ಹಾಕಬೇಕು. ಇಲ್ಲಿ ನನ್ನನ್ನು ಊರುವವರು ಯಾರೂ ಇಲ್ಲ.