ಜೂನ್ ಒಂದರ ಮಕ್ಕಳು

“ಇನ್ನೊಂದು ತಂಬಿಗಿ ಸುರೀರಿ, ಉಗುರಿನ ಕೆಂಪು ಹೋಗವಲ್ದು,” ಎಂದರು ದಸ್ತಗೀರಸಾಬರು. ಹಿತ್ತಲಲ್ಲಿ ಚಾದರ ಕಟ್ಟಿ ಮರೆ ಮಾಡಿ, ಮೂವರು ಗಂಡಸರು ಶಕೀಲನ ಹೆಣ ತೊಳೆಯುತ್ತಿದ್ದರು. ಮೂವತ್ತು ವರ್ಷ ಇಳಕಲ್ ಸೀರೆಯ ನೂಲಿಗೆ ಬಣ್ಣ ಹಾಕಿದ ಕೈ ಅದು. ಒಂದು ಸಾಬೂನಿಗೆ ಬಗ್ಗುತ್ತದೆಯೇ?

“ಇರ್ಲಿ ಬಿಡ್ರಿ ಚಾಚಾ. ದುಡದ ಕೈ ಅಂತ ಅಲ್ಲಾಗ ಗೊತ್ತೈತಿ,” ಎಂದ ನೀರು ಹಾಕುತ್ತಿದ್ದವನು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ಯಾಕ್ಸಿ ನಿಂತಿತು. ಇಳಿದವಳು ಮೆಹರುನ್ನಿಸಾ, ಶಕೀಲನ ತಂಗಿ. ಅಣ್ಣ ಬಾಗಲಕೋಟೆಯ ದವಾಖಾನೆಯಲ್ಲಿದ್ದಾನೆಂದು ಕೇಳಿ ಶಿಕಾಗೋದಿಂದ ಹೊರಟಿದ್ದಳು. ಹುಬ್ಬಳ್ಳಿಯಲ್ಲಿ ವಿಮಾನ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊಸ್ತಿಲಲ್ಲಿ ಶಕೀಲನ ಹೆಂಡತಿ ಗೌಸಿಯಾ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು.

“ಯಾರನ್ನ ನೋಡಾಕ ಬಂದ್ರಿ ಆಪಾ?”

“ದಾರಿ ಬಿಡು ಗೌಸಿಯಾ. ಅಣ್ಣನ ಮುಖ ನೋಡ್ಬೇಕು ನಾ.”

“ಅಣ್ಣ! ಮೂರು ವರ್ಷ ಅವರ ಫೋನ್ ಎತ್ತಲಿಲ್ಲ ನೀವು. ಒಮ್ಮೆ ಎತ್ತಿದ್ರಿ, ‘ತಂಗಿ ಅನ್ನಬ್ಯಾಡ, ನಾವು ಯಾರಿಗ್ಯಾರು’ ಅಂದು ಇಟ್ರಿ. ಅವತ್ತ ಅವರು ಉಣಲಿಲ್ಲ. ಯಾರಿಗ್ಯಾರೂ ಅಲ್ಲದವರಿಗೆ ಸತ್ತವರ ಮುಖ ಯಾಕ ಬೇಕ್ರಿ?”

ಮೆಹರುನ್ನಿಸಾ ಚೀಲ ಅಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತಳು.

* * *

ಶಕೀಲನನ್ನೂ ಮೆಹರುನ್ನಿಸಾಳನ್ನೂ ಒಂದೇ ದಿನ ಸಾಲೆಗೆ ಹಾಕಿದವಳು ತಾಯಿ ಕಾಸಿಂಬಿ. ಯಾವಾಗ ಹುಟ್ಟಿದವು ಎಂದು ರಾಚಯ್ಯ ಮಾಸ್ತರರು ಕೇಳಿದಾಗ, “ಇಂವ ರಂಜಾನಿನ್ಯಾಗ, ಇಕಿ ಮೊಹರಮಿನ್ಯಾಗ,” ಎಂದಳು. ನಡುವೆ ನಾಲ್ಕೇ ತಿಂಗಳು! ಮಾಸ್ತರರು ಹುಬ್ಬು ಕೂಡ ಏರಿಸದೆ ಇಬ್ಬರಿಗೂ ಜೂನ್ ಒಂದು, ಎಪ್ಪತ್ತೊಂದು ಎಂದು ಬರೆದರು. ಆ ಸಾಲೆಯಲ್ಲಿ ಜೂನ್ ಒಂದರಂದು ಹುಟ್ಟದ ಮಗುವೇ ಇರಲಿಲ್ಲ. ಸಾಲೆ ಸುರುವಾಗುವ ದಿನಕ್ಕೆ ವಯಸ್ಸು ತುಂಬಿಸಿಬಿಟ್ಟರೆ ಯಾರಿಗೂ ತಕರಾರಿಲ್ಲ. ತಂದೆಯ ಹೆಸರಿನ ಜಾಗದಲ್ಲೂ ಇಬ್ಬರಿಗೂ ಒಂದೇ ಹೆಸರು, ಕಾಸಿಂಬಿಯ ಗಂಡನದು.

ಮಾಸ್ತರರು ಯಾಕೆ ಕೇಳಲಿಲ್ಲವೆಂದರೆ, ಓಣಿಗೆಲ್ಲ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು. ಎದುರು ಮನೆಯ ಬಾಣಂತಿ ಹೆತ್ತ ದಿನವೇ ತೀರಿಕೊಂಡಿದ್ದಳು. ಅವಳ ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ. ನಾಲ್ಕು ತಿಂಗಳ ಶಕೀಲನಿಗೆ ಹಾಲೂಡುತ್ತಿದ್ದ ಕಾಸಿಂಬಿ ಆ ಕೂಸನ್ನೂ ಎತ್ತಿಕೊಂಡು ಬಂದಳು. ಊರಿಗೆ ಊರೇ ಬಲ್ಲ ಈ ಸಂಗತಿ ಗೊತ್ತಿಲ್ಲದವಳು ಮೆಹರುನ್ನಿಸಾ ಒಬ್ಬಳೇ. ಸಾಯುವಾಗ ಕಾಸಿಂಬಿ ಮಗನ ಕೈ ಹಿಡಿದು, “ಆಕಿಗಿ ಗೊತ್ತಾಗಬಾರ್ದು,” ಎಂದು ಮಾತು ತೆಗೆದುಕೊಂಡಿದ್ದಳು.

ಶಿಕಾಗೋದ ಗಂಡನ ಮನೆ ಸೇರಿ, ಅಲ್ಲಿಯ ಪೌರತ್ವ ಸಿಕ್ಕ ಮೇಲೆ, ಮೆಹರುನ್ನಿಸಾ ಅಣ್ಣನನ್ನೂ ಅವನ ಸಂಸಾರವನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಸರದಿ ಬರಲು ಹದಿನಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಮಗಳು ತಬಸುಮಳಿಗೆ ಇಪ್ಪತ್ತೊಂದು ವರ್ಷ ಮೀರಿ, ಅವಳ ಹೆಸರೇ ಅರ್ಜಿಯಿಂದ ಬಿದ್ದುಹೋಯಿತು. ಗೌಸಿಯಾ ಪ್ರತಿ ಮಳೆಗಾಲ ಸೋರುವ ಮಾಳಿಗೆಯ ಕೆಳಗೆ ಬೋಗುಣಿ ಇಡುತ್ತಿದ್ದಳು. “ಇವತ್ತಿಲ್ಲ ನಾಳಿ ಹೋಗೋರಿಗೆ ಮಾಳಿಗಿ ರಿಪೇರಿ ಯಾಕ?” ಎನ್ನುತ್ತಿದ್ದ ಶಕೀಲ. ಹೋಗುವುದು ತನಗೆ ಬೇಕೋ ಬೇಡವೋ ಎಂದು ಮಾತ್ರ ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

* * *

ಕಫನ್ ಸುತ್ತಿದ ಹೆಣವನ್ನು ಪಡಸಾಲೆಯಲ್ಲಿ ತಂದಿಟ್ಟರು. ಮಸೀದಿಯ ಹಿರಿಯರಾದ ದಸ್ತಗೀರಸಾಬರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ನೋಡವಾ ಮೆಹರು, ಬ್ಯಾಸರ ಮಾಡ್ಕೋಬ್ಯಾಡ. ರಕ್ತಸಂಬಂಧ ಇಲ್ಲಂದ್ರ ನೀ ಅವಂಗ ಪರಕೀಯ ಹೆಣ್ಣಮಗಳು, ಮುಖ ತೋರ್ಸಾಕ ಬರಂಗಿಲ್ಲ. ಒಂದ ತಾಯಿ ಹಾಲು ಕುಡದದ್ದು ಖರೆ ಇದ್ರ ಮಾತು ಬ್ಯಾರೆ, ಆಗ ನೀ ತಂಗೀನ. ಆದ್ರ ಕೇಳಿದ ಮಾತು ನಡಿಯಂಗಿಲ್ಲ, ಕಣ್ಣಿಲೆ ಕಂಡ ಸಾಕ್ಷಿ ಬೇಕು.”

“ನಾ ಕಂಡೇನಲ್ಲೋ!” ಎಂದಳು ಮೂಲೆಯಿಂದ ಲಾಡಬಿ. ಓಣಿಯ ಹಳೆಯ ಸೂಲಗಿತ್ತಿ, ಎಂಬತ್ತೈದು ದಾಟಿದವಳು. “ಈ ಕೈಯಿಂದನ ಕೂಸನ್ನ ಕಾಸಿಂಬಿ ಉಡ್ಯಾಗ ಹಾಕೀನಿ.”

“ನೀವೊಬ್ಬರ ಆದ್ರಿ ಖಾಲಾ. ಒಬ್ಬರ ಮಾತು ಸಾಲಂಗಿಲ್ಲ.”

ಕಂಡ ಉಳಿದವರೆಲ್ಲ ಎಂದೋ ಖಬರಸ್ತಾನ ಸೇರಿದ್ದರು. ಮೆಹರುನ್ನಿಸಾ ಎದ್ದು ನಿಂತಳು. “ಅಲ್ಲೂ ಸಾಕ್ಷಿ ಕೇಳಿದ್ರು, ಇಲ್ಲೂ ಸಾಕ್ಷಿ ಕೇಳ್ತೀರಿ. ನನ್ನವ್ವ ನನ್ನವ್ವ ಅಲ್ಲಂತ ಅಮೆರಿಕಾ ಸರಕಾರದ ಕಾಗದದಾಗ ಓದೀನಿ ನಾ, ಅದೂ ಐವತ್ತನೇ ವಯಸ್ಸಿಗೆ. ಅಣ್ಣಾನ ಸಹಿ ಮಾಡಿ ಕೊಟ್ಟಾನಂತ ಬರದಿದ್ರು. ಹೊಟ್ಟಿ ಉರೀತು, ಏನೇನರ ಅಂದೆ. ತಪ್ಪಾತು. ಒಮ್ಮೆ ಮುಖ ತೋರಸ್ರಿ, ನಿಮ್ಮ ಕಾಲು ಬೀಳ್ತೇನಿ.”

ಗೌಸಿಯಾ ಹೆಣದ ತಲೆಯ ಹತ್ತಿರ ಕೂತಿದ್ದಳು. ಅವಳು ಬಾಯಿ ಬಿಡದಿದ್ದರೆ ಸಾಕಿತ್ತು, ಹೆಣ ಎತ್ತಿಬಿಡುತ್ತಿದ್ದರು.

* * *

ಮೂರು ವರ್ಷದ ಹಿಂದೆ ಮುಂಬಯಿಯ ಅಮೆರಿಕನ್ ವೀಸಾ ಕಚೇರಿಯಲ್ಲಿ, ಗಾಜಿನ ಕಿಟಕಿಯ ಮುಂದೆ, ಶಕೀಲನ ಬಗಲಲ್ಲಿ ಗೌಸಿಯಾಳೂ ನಿಂತಿದ್ದಳು. ಕೈ ಎತ್ತಿ ಪ್ರಮಾಣ ಮಾಡಿಸಿಕೊಂಡ ಮೇಲೆ ಅಧಿಕಾರಿ ಇಬ್ಬರ ಜನ್ಮ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಕೇಳಿದ: “ಒಂದೇ ದಿನ ಹುಟ್ಟಿದ್ದೀರಿ. ಅವಳಿಯೇ?”

ಹೌದು ಎನ್ನಬೇಕೆಂದು ವೀಸಾ ಕೊಡಿಸುವ ಏಜೆಂಟನು ಹತ್ತು ಸಲ ಬಾಯಿಪಾಠ ಮಾಡಿಸಿದ್ದ. ಶಕೀಲ ಬಾಯಿ ತೆರೆಯುವ ಮೊದಲೇ ಅಧಿಕಾರಿ ಮುಂದುವರಿಸಿದ: “ಹಾಗಿದ್ದರೆ ಇಬ್ಬರೂ ಡಿಎನ್‌ಎ ಪರೀಕ್ಷೆ ಮಾಡಿಸಿ. ಸುಳ್ಳೆಂದು ಗೊತ್ತಾದರೆ ನಿಮ್ಮ ತಂಗಿ ಉತ್ತರ ಕೊಡಬೇಕಾಗುತ್ತದೆ.”

ಗಂಡನ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುವುದನ್ನು ಗೌಸಿಯಾ ನೋಡಿದಳು. “ಆಕಿಗಿ ಏನೂ ಗೊತ್ತಿಲ್ರಿ ಸಾಹೇಬ್ರ, ಆಕಿ ಸುಳ್ಳು ಬರದಿಲ್ಲ,” ಎಂದ ಶಕೀಲ. ಸತ್ತ ತಾಯಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಎಲ್ಲ ಹೇಳಿ ಮುಗಿಸಿ, ಅವರು ಬರೆದ ಹಾಳೆಯ ಕೆಳಗೆ ಸಹಿ ಹಾಕಿದ. ಊರಿಗೆ ಬರುವ ರೈಲಿನುದ್ದಕ್ಕೂ, “ಅವ್ವ ನನ್ನ ನೋಡಾಕತ್ತಾಳ,” ಎಂದು ಮುಖ ಮುಚ್ಚಿಕೊಂಡೇ ಕೂತಿದ್ದ. ಆಮೇಲೆಯೂ ಎಷ್ಟೋ ಸಲ, ಬಣ್ಣದ ಹಂಡೆಯ ಮುಂದೆ ಕೆಲಸ ಮಾಡುತ್ತಾ ಮಾಡುತ್ತಾ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದ.

* * *

“ಚಾಚಾ, ಅವರ ಬಾಯಿಲೆ ಹೇಳ್ಯಾರ,” ಎಂದಳು ಗೌಸಿಯಾ.

“ಏನಂದಿ?”

“ಕೈ ಎತ್ತಿ ಆಣಿ ಮಾಡಿ ಹೇಳ್ಯಾರ, ನಾ ಬಾಜೂಕ ನಿಂತಿದ್ದೆ. ‘ನಮ್ಮವ್ವ ಹಡದಾಕಿ ಅಲ್ಲ, ನಮ್ಮವ್ವನ ಹಾಲು ಕುಡದಾಕಿ. ನೀವು ಏನರ ಬರಕೋರಿ, ಆಕಿ ನನ್ನ ತಂಗಿ’ ಅಂದ್ರು. ಅದಕ್ಕ ನಮ್ಮ ವೀಸಾ ಹೋತು. ಆ ಮಾತು ಇಲ್ಲಿ ಸಾಲಂಗಿಲ್ಲೇನ್ರಿ?”

ದಸ್ತಗೀರಸಾಬರು ಟೋಪಿ ಸರಿಮಾಡಿಕೊಂಡರು. “ಸಾಲ್ತೈತವಾ. ಅಂವ ತಾನ ಒಪ್ಪಿಕೊಂಡದ್ದಕ್ಕಿಂತ ದೊಡ್ಡ ಸಾಕ್ಷಿ ಯಾವುದು?” ಎಂದು ಹೊರಗೆ ನಡೆದರು.

“ಹಂಗ ಅಂದನಾ?” ಎಂದಳು ಮೆಹರುನ್ನಿಸಾ. “ಕಾಗದದಾಗ ಅದನ್ನ ಬರದಿರಲಿಲ್ಲ ಗೌಸಿಯಾ. ಸಂಬಂಧ ಇಲ್ಲ ಅಂತಷ್ಟ ಬರದಿದ್ರು.”

ಗೌಸಿಯಾಳಿಗೆ ಸಿಟ್ಟು ಇನ್ನೂ ಇತ್ತು. ಆದರೂ ಕಫನ್ನಿನ ತಲೆಗಂಟು ಬಿಚ್ಚಿ ಬಟ್ಟೆ ಸರಿಸಿದಳು. ಶಕೀಲನ ಮೂಗಿನಲ್ಲಿ ಹತ್ತಿ ಇತ್ತು. ಹಣೆಯ ಗೆರೆಗಳು ಹಾಗೇ ಇದ್ದವು.

ಬಹಳ ಹೊತ್ತು ನೋಡಿದ ಮೆಹರುನ್ನಿಸಾ ತಲೆ ಎತ್ತದೆಯೇ ಕೇಳಿದಳು. “ಖಾಲಾ, ಅವ್ವ ನಮ್ಮಿಬ್ಬರಿಗೂ ಹೆಂಗ ಕುಡಸ್ತಿದ್ಲು?”

“ಒಮ್ಮೆಗೇ ಅಳ್ತಿದ್ರಿ ಇಬ್ಬರೂ. ಬಲಕ್ಕ ನೀ, ಎಡಕ್ಕ ಅಂವ. ನಿನ್ನ ಕೈ ಸುಮ್ಮನ ಇರ್ತಿರಲಿಲ್ಲ, ಅವನ ಕಿವಿ ಹಿಡಕೊಂಡ ಕುಡೀತಿದ್ದಿ.”

ಹೊತ್ತಾಯಿತೆಂದು ಹೊರಗಿನಿಂದ ಗಂಡಸರು ಕೂಗಿದರು. ಎಡಗಡೆ ಕೂತಿದ್ದ ಮೆಹರುನ್ನಿಸಾ ಎದ್ದಳು. ಅಣ್ಣನ ಕಾಲ ಬದಿಯಿಂದ ಸುತ್ತಿಕೊಂಡು ಬಲಕ್ಕೆ ಬಂದು ಕೂತು, ಎರಡು ಬೆರಳಲ್ಲಿ ಅವನ ತಣ್ಣನೆಯ ಕಿವಿ ಹಿಡಿದುಕೊಂಡಳು. ಗೌಸಿಯಾ ಬಟ್ಟೆಯ ಅಂಚನ್ನು ಇನ್ನಷ್ಟು ಸರಿಸಿ ಹಿಡಿದಳು.